ಹಂಪಿ ಬಂಡೆಗಳ ಮೇಲಿನ ಗುಳಿಸಾಲು: ವಿಜಯನಗರದ ಕಾಲದ್ದೋ, ಈಚಿನ ಕ್ವಾರಿಯದೋ?

ತುಂಗೆದಂಡೆ:
ಹಂಪಿಯ ಹೇಮಕೂಟ ಬೆಟ್ಟದಲ್ಲಿ, ಮಾತಂಗ ಬೆಟ್ಟದ ತಪ್ಪಲಲ್ಲಿ, ಎಲ್ಲಿ ನೋಡಿದರೂ ಬಂಡೆಗಳ ಮೇಲೆ ಹೊಲಿಗೆ ಹಾಕಿದ ಹಾಗೆ ಆಯತಾಕಾರದ ಗುಳಿಗಳ ಸಾಲು. ಒಂದೊಂದು ಸುಮಾರು 7 ಸೆಂ.ಮೀ. ಉದ್ದ, 3 ಅಗಲ, 5–6 ಆಳ. ಊರಾಚೆಯ ಒಂದು ಬಂಡೆಯಲ್ಲಿ ಮಾತ್ರ ಸೀಳಿದ ಮುಖದುದ್ದಕ್ಕೂ ಮೇಲಿಂದ ಕೆಳಗಿನವರೆಗೆ ಅರ್ಧದುಂಡನೆಯ ತೋಡುಗಳಿವೆ. ಎರಡೂ ಒಂದೇ ಕಾಲದವೇ? ಗುಳಿಗೆ ಮರದ ಬೆಣೆ ಜಡಿದು ನೀರು ಹಾಕಿ ಸೀಳುತ್ತಿದ್ದರು ಅನ್ನುತ್ತಾರಲ್ಲ, ನಿಜವೇ?

ಚಾಣಸುತ್ತಿಗೆ:
ಅರ್ಧದುಂಡನೆಯದು ಅನುಮಾನವೇ ಇಲ್ಲ, ಕಂಪ್ರೆಸರ್ ಜ್ಯಾಕ್‌ಹ್ಯಾಮರಿನ (ಗಾಳಿಯ ಒತ್ತಡದಲ್ಲಿ ಕಲ್ಲು ಕೊರೆಯುವ ಯಂತ್ರದ) ಕೆಲಸ. ವ್ಯಾಸ ಅಳೆಯಿರಿ, 32–34 ಮಿ.ಮೀ. ಬರುತ್ತದೆ. ಮೊದಲ 80 ಸೆಂ.ಮೀ. ಕೊರೆಯುವ ರಾಡು 34 ಮಿ.ಮೀ., ಆಮೇಲೆ ಹಾಕುವ ಉದ್ದನೆಯದು 33, ಅದಕ್ಕಿಂತ ಉದ್ದನೆಯದು 32. ಹಿಂದಿನ ತೂತಿನಲ್ಲಿ ಸಿಕ್ಕಿಬೀಳದಿರಲೆಂದು ಹೀಗೆ. ತೋಡಿನ ತಳದಲ್ಲಿ ನಕ್ಷತ್ರದಂತೆ ಬಿರುಕು ಒಡೆದಿದ್ದರೆ ಸಿಡಿಮದ್ದು ಹಾಕಿದ್ದಾರೆ. ಇಲ್ಲದಿದ್ದರೆ ಬೆಣೆಯಿಂದಲೇ ಸೀಳಿದ್ದಿರಬಹುದು.

ಹಳೆಯ ಕ್ರಮದಲ್ಲಿ ಗುಳಿ ಇರುವುದು ಮೇಲಿನ ಮೂರ್ನಾಲ್ಕು ಬೆರಳಷ್ಟು ಮಾತ್ರ. ಅದರ ಕೆಳಗೆ ಕಲ್ಲು ತಾನಾಗಿ ಬಿರಿದ ಒರಟು ಮುಖ. ಗುಳಿಯ ಗೋಡೆ ಒಳಕ್ಕೆ ಇಳಿಜಾರಾಗಿರಬೇಕು, ಬೆಣೆ ಎರಡು ಪಕ್ಕವನ್ನೇ ಒತ್ತಬೇಕು. ತುದಿ ತಳ ಮುಟ್ಟಿತೋ ಮುಗಿಯಿತು, ಎಷ್ಟು ಬಡಿದರೂ ಅಲ್ಲೇ ಪುಡಿಯಾಗುತ್ತದೆಯೇ ಹೊರತು ಸೀಳುವುದಿಲ್ಲ. ಎಲ್ಲ ಬೆಣೆಗೂ ಸರದಿಯಲ್ಲಿ ಒಂದೊಂದೇ ಪೆಟ್ಟು. ಠಣ್ ಎನ್ನುವ ಸದ್ದು ಮಂಕಾದಾಗ ಕೈ ತಡೆದು, ಬಿರುಕು ಓಡಲು ಬಿಡಬೇಕು. ಒಂದಕ್ಕೇ ಜೋರಾಗಿ ಬಡಿದರೆ ಬಿರುಕು ಹತ್ತಿರದ ಅಂಚಿಗೆ ತಿರುಗುತ್ತದೆ. ಸಾಲಿನ ಎರಡೂ ಕಡೆ ಕಲ್ಲಿನ ದಪ್ಪ ಹೆಚ್ಚುಕಡಿಮೆ ಸಮ ಇರಬೇಕು, ಇಲ್ಲವಾದರೆ ತೆಳುವಾದ ಕಡೆಗೇ ವಾಲುತ್ತದೆ.

ಮರದ ಬೆಣೆಯ ಮಾತನ್ನು ನಾನು ನಂಬುವುದಿಲ್ಲ. ಇಷ್ಟು ಕಿರಿದಾದ, ಇಳಿಜಾರು ಗುಳಿಯಲ್ಲಿ ನೆನೆದು ಉಬ್ಬಿದ ಮರ ಕಲ್ಲನ್ನು ಒತ್ತುವ ಬದಲು ತಾನೇ ಮೇಲೇಳುತ್ತದೆ. ಹಂಪಿಯ ಕಣಶಿಲೆಗೆ (ಗ್ರಾನೈಟಿಗೆ) ಕಬ್ಬಿಣದ ಬೆಣೆಯೇ ಬೇಕು.

ಕಲ್ಲುಹೂ:
ಮೇಲಿನದೆಲ್ಲ ಸರಿ, ಆದರೆ ‘ಆಯತದ ಗುಳಿ = ವಿಜಯನಗರ’ ಎಂದು ಯಾರೂ ಓದಿಕೊಳ್ಳಬೇಡಿ. ಚಾಣದಿಂದ ಗುಳಿ ಹೊಡೆದು ಬೆಣೆಯಿಂದ ಸೀಳುವ ಕೆಲಸ ನಮ್ಮ ಕಲ್ಲುಕುಟಿಗರಲ್ಲಿ 20ನೇ ಶತಮಾನದಲ್ಲೂ ನಡೆದೇ ಇತ್ತು. ಚಪ್ಪಡಿ, ಬೇಲಿಗಲ್ಲು ಎಲ್ಲ ಹೀಗೇ. ದುಂಡು ತೂತು ಕಾಲ ಹೇಳುತ್ತದೆ, ಆಯತದ ಗುಳಿ ಉಪಕರಣವನ್ನು ಮಾತ್ರ ಹೇಳುತ್ತದೆ.

ಕಾಲಕ್ಕೆ ಸುತ್ತಮುತ್ತ ನೋಡಬೇಕು. ಕೋಟೆಗೋಡೆಯ, ಆವರಣಗೋಡೆಯ ಕಲ್ಲುಗಳ ಅಂಚಿನಲ್ಲಿ ಅರ್ಧರ್ಧ ಗುಳಿಗಳು ಉಳಿದಿರುತ್ತವೆ. ಅವುಗಳ ಅಗಲವೂ ನಡುವಿನ ಅಂತರವೂ ಪಕ್ಕದ ಬಂಡೆಯದಕ್ಕೆ ಕೂಡಿದರೆ ಬಲವಾದ ಸಾಕ್ಷಿ. ಸೀಳಿದ ಮುಖದ ಮೇಲೇ ಗೋಡೆ ಕೂತಿದ್ದರೆ, ಶಾಸನ ಕೆತ್ತಿದ್ದರೆ, ಸೀಳಿದ್ದು ಅದಕ್ಕಿಂತ ಮೊದಲು. ಉಲ್ಟಾ, ಗುಳಿಸಾಲು ಶಾಸನವನ್ನೋ ಉಬ್ಬುಚಿತ್ರವನ್ನೋ ಕತ್ತರಿಸಿಕೊಂಡು ಹೋಗಿದ್ದರೆ ಆಮೇಲಿನ ಕಳ್ಳ ಕೆಲಸ. ಬಣ್ಣ, ಕಲ್ಲುಹೂವು ನೋಡಬಹುದು, ಆದರೆ ಅದೇ ಬಂಡೆಯ ಅದೇ ದಿಕ್ಕಿನ ಮುಖಕ್ಕೇ ಹೋಲಿಸಿ. ನೆರಳಿನ ಮುಖ ಬೇಗ ಕಪ್ಪಾಗುತ್ತದೆ, ಬಿಸಿಲಿನದು ಬಹುಕಾಲ ಹೊಸದರಂತೆ ಕಾಣುತ್ತದೆ.

ತುಂಗೆದಂಡೆ:
ಹಾಗಾದರೆ ಸೀಳದೆ ಉಳಿದ ಸಾಲುಗಳು? ಮತ್ತೆ ಮಂಟಪಗಳ ಮುಂದಿನ ಒಂಟಿ ಚೌಕ ಗುಂಡಿಗಳು?

ಚಾಣಸುತ್ತಿಗೆ:
ಚೌಕದ್ದು ಚಪ್ಪರದ ಕಂಬಕ್ಕೆ: ಅಗಲ, ಆಳ ಹೆಚ್ಚು, ಗೋಡೆ ನೇರ, ಎದುರುಬದುರಾಗಿ ಜೋಡಿಯಿರುತ್ತವೆ. ಸೀಳದೆ ಬಿಟ್ಟ ಸಾಲಿನ ಹತ್ತಿರ ಬೆಣಚುಕಲ್ಲಿನ ಬಿಳಿ ಎಳೆಯೋ ಹಳೆಯ ಬಿರುಕೋ ಅಡ್ಡ ಹಾದಿದೆಯೇ ನೋಡಿ. ಎಷ್ಟೋ ಸಲ ಅದೇ ಕಾರಣ. ಫೋಟೋ ಬೆಳಗಿನ ಓರೆ ಬಿಸಿಲಲ್ಲಿ, ಪಕ್ಕದಲ್ಲಿ ಸ್ಕೇಲ್ ಇಟ್ಟು ತೆಗೆಯಿರಿ. ಗುಳಿಗೆ ಸೀಮೆಸುಣ್ಣ ತುಂಬುವುದು, ಪಾಚಿ ಕೆರೆಯುವುದು ಬೇಡ. ಅದು ಸಂರಕ್ಷಿತ ಸ್ಮಾರಕ, ಸಾಲದ್ದಕ್ಕೆ ನೀವು ಕೆರೆದು ತೆಗೆಯುವುದೇ ಕಾಲದ ಗುರುತು.