ಎಣ್ಣೆ ಮೊದಲೋ, ಮೀಸುವುದು ಮೊದಲೋ

ಕೂಸೇ, ನಿನ್ನ ಮೆಸೇಜು ಬೆಳಿಗ್ಗೆಯೇ ನೋಡಿದೆ. ಫೋಟೋ ಎರಡು ಸಲ ದೊಡ್ಡದು ಮಾಡಿ ನೋಡಿದೆ. ಟೈಪ್ ಮಾಡುತ್ತಾ ಕೂತರೆ ನನ್ನ ಕಣ್ಣಿಗೆ ಸಂಜೆಯೇ ಆಗುತ್ತದೆ, ಅದಕ್ಕೆ ಬಾಯಲ್ಲೇ ಹೇಳಿಬಿಡುತ್ತೇನೆ. ಸ್ವಲ್ಪ ಉದ್ದ ಆಗಬಹುದು. ಮಗುವಿಗೆ ಹಾಲು ಕೊಡುತ್ತಾ ಕೇಳು.

ಉಳಿದವರೂ ಕೇಳಲಿ, ಯಾಕೆಂದರೆ ಗ್ರೂಪಿನಲ್ಲಿ ಬೆಳಿಗ್ಗೆಯಿಂದ ಯುದ್ಧವೇ ನಡೆದಿದೆ. ಇವಳು ಕೇಳಿದ್ದು ಇಷ್ಟೇ. ಮಗುವಿಗೆ 3 ತಿಂಗಳು. ಕಾರವಾರದಲ್ಲಿ ಅಮ್ಮನ ಮನೆಯಲ್ಲಿದ್ದಾಗ ಬೆಣ್ಣೆಯ ಹಾಗಿದ್ದ ಕೆನ್ನೆ ಶಿರಸಿಗೆ ಹೋಗಿ 15 ದಿನಕ್ಕೆ ಒರಟಾಗಿದೆ. ಮೊಣಕಾಲಿನ ಕೆಳಗೆ ಬಿಳಿ ಹೊಟ್ಟು ಏಳುತ್ತಿದೆ. ಏನು ಹಚ್ಚಲಿ? ಅವಳ ಅತ್ತೆಯವರು ಕೊಬ್ಬರಿ ಎಣ್ಣೆ ಎಂದಿದ್ದಾರೆ. ಬೆಂಗಳೂರಿನ ಅಕ್ಕ ದುಬಾರಿ ಕ್ರೀಮಿನ ಚಿತ್ರ ಹಾಕಿದಳು. ಪುಣೆಯಲ್ಲಿರುವ ಭಾವ ಸಾಸಿವೆ ಎಣ್ಣೆ ಎಂದರು. ಇನ್ನೊಬ್ಬರು ಆಲಿವ್ ಎಣ್ಣೆ. ಆದರೆ ಎಣ್ಣೆ ಯಾವಾಗ ಹಚ್ಚುತ್ತೀಯಾ ಎಂದು ಒಬ್ಬರೂ ಕೇಳಲಿಲ್ಲ ನೋಡು.

ನಾನು ಹೇಳಲಾ? ಮೀಸುವ ಮೊದಲು ಹಚ್ಚುತ್ತೀರಿ. ಮೈತುಂಬಾ ತಿಕ್ಕಿ, ಅರ್ಧ ಗಂಟೆ ಬಿಟ್ಟು, ಆಮೇಲೆ ಬಚ್ಚಲಿಗೆ ಒಯ್ದು ಕಡಲೆಹಿಟ್ಟು ಹಾಕಿ ಉಜ್ಜಿ, ಹಂಡೆಯ ಬಿಸಿನೀರು ಚೊಂಬಿನ ಮೇಲೆ ಚೊಂಬು ಹೊಯ್ದು, ಹಚ್ಚಿದ ಎಣ್ಣೆಯನ್ನೆಲ್ಲ ತೊಳೆದು ಕಳಿಸುತ್ತೀರಿ. ಚರ್ಮಕ್ಕೆ ಸ್ವಂತದ್ದೊಂದು ಜಿಡ್ಡು ಇತ್ತಲ್ಲ, ಅದೂ ಅದರ ಜೊತೆಗೇ ಹೋಯಿತು. ಎಣ್ಣೆ ಬಚ್ಚಲ ಕಲ್ಲಿಗೆ, ಮಗುವಿಗೆ ಒಣ ಮೈ.

ನಿನ್ನ ಅತ್ತೆಯವರನ್ನು ದೂರುತ್ತಿಲ್ಲ ಮತ್ತೆ. ಮೀಸುವವರು ಮಣೆಯ ಮೇಲೆ ಕೂತು, ಕಾಲು ಚಾಚಿ, ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ಕೈಕಾಲು ನೀವುವುದನ್ನು ನೋಡುವುದೇ ಒಂದು ಚಂದ. ನೀವುವುದು ಇರಲಿ. ಮಗುವಿಗೂ ಹಿತ, ಅವರಿಗೂ ಮೊಮ್ಮಗುವಿನ ಜೊತೆ ಅಷ್ಟು ಹೊತ್ತು. ನನ್ನ ತಕರಾರು ಹಿಟ್ಟಿನ ಮೇಲೆ ಮತ್ತು ಸುಡು ಸುಡು ನೀರಿನ ಮೇಲೆ.

ಇದು ಪುಸ್ತಕ ಓದಿ ಹೇಳುತ್ತಿರುವ ಮಾತಲ್ಲ. ಆಗ ನಾನು ಹೆರಿಗೆ ವಾರ್ಡಿನಲ್ಲಿ ನರ್ಸು, ಬೇರೆಯವರಿಗೆಲ್ಲ ಬುದ್ಧಿ ಹೇಳುವವಳು. ನನ್ನದೇ ಮೊದಲ ಮಗುವಿಗೆ ಬೆನ್ನ ಮೇಲೆ ಸಣ್ಣ ಕೂದಲಿತ್ತು. ಹೋಗಲಿ ಎಂದು ಹಿಟ್ಟಿನ ಉಂಡೆ ಮಾಡಿ ದಿನಾ ಉರುಳಿಸಿದೆ. ಜನವರಿ ಚಳಿ ಬೇರೆ. ಒಂದು ವಾರದಲ್ಲಿ ಬೆನ್ನು ಕೆಂಪಾಗಿ ಸಣ್ಣ ಸಣ್ಣ ಬಿರುಕು ಬಿಟ್ಟಿತು. ಅಂಗಿ ತಾಗಿದರೂ ಅಳುತ್ತಿತ್ತು. ಆ ಕೂದಲು ತಾನಾಗಿಯೇ ಉದುರುವಂಥದ್ದು, ಗೊತ್ತಿತ್ತು ನನಗೆ. ಗೊತ್ತಿದ್ದೂ ಉರುಳಿಸಿದೆ.

ಇನ್ನು ಕಾರವಾರದಲ್ಲಿ ಇಲ್ಲದ್ದು ಶಿರಸಿಯಲ್ಲಿ ಯಾಕೆ ಬಂತು? ನಿಮ್ಮ ಮನೆ ಕೊಬ್ಬರಿ ಎಣ್ಣೆ ಬಾಟಲಿ ನೋಡು. ಈಗ ಬೆಳಿಗ್ಗೆ ಹೊತ್ತು ಬೆಳ್ಳಗೆ ಗಟ್ಟಿಯಾಗಿರುತ್ತದೆ, ಅಲ್ವಾ? ಕೊಬ್ಬರಿ ಎಣ್ಣೆ 24 ಡಿಗ್ರಿ ಆಸುಪಾಸಿನಲ್ಲಿ ಹೆಪ್ಪುಗಟ್ಟುತ್ತದೆ. ಅಮ್ಮನ ಮನೆಯಲ್ಲಿ ಅದು ವರ್ಷದಲ್ಲಿ ಹೆಚ್ಚಿನ ದಿನ ನೀರಿನ ಹಾಗೇ ಇರುತ್ತದೆ. ಕಡಲ ಗಾಳಿಯಲ್ಲಿ ಹಸಿ ಇದೆ, ಒಣಹಾಕಿದ ಬಟ್ಟೆಯೇ ಒಣಗುವುದಿಲ್ಲ, ಮೈ ಎಲ್ಲಿ ಒಣಗಬೇಕು! ಘಾಟಿ ಹತ್ತಿದರೆ ಬೇರೆಯೇ ಲೋಕ. ಶಿರಸಿ ಸುಮಾರು 600 ಮೀಟರ್ ಎತ್ತರದಲ್ಲಿದೆ. ಈ ತಿಂಗಳುಗಳಲ್ಲಿ ಚಳಿ, ಒಣ ಗಾಳಿ, ಜೊತೆಗೆ ಅಡಿಕೆ ಬೇಯಿಸುವ ಒಲೆಯ ಬಿಸಿ, ಹೊಗೆ. ದೊಡ್ಡವರ ತುಟಿಯೇ ಒಡೆಯುತ್ತದೆ. ಮಗುವಿನ ಚರ್ಮದ ಮೇಲ್ಪದರ ನಮ್ಮದಕ್ಕಿಂತ ಸುಮಾರು ಶೇ 30ರಷ್ಟು ತೆಳು, ಒಳಗಿನ ನೀರು ಬೇಗ ಆರಿಹೋಗುತ್ತದೆ. ಹಾಗಾಗಿ ಮಗುವಿಗೆ ಏನೋ ಆಗಿಬಿಟ್ಟಿದೆ ಎಂದು ಹೆದರಬೇಡ, ಹವೆ ಬದಲಾಗಿದೆ ಅಷ್ಟೇ.

ತಡಿ, ಗಲಾಟೆ ಕೇಳಿಸಿತಾ, ಮೀನಿನವಳು ಬಂದಿದ್ದಾಳೆ. ಬಂಗುಡೆ ಅಂತೆ. ಹಾಂ, ಬಂದೆ ಬಂದೆ.

ಹಾಂ, ಎಲ್ಲಿದ್ದೆ? ಮೀಸುವುದು. ದಿನಾ ಮೀಸಲೇಬೇಕು ಎಂದೇನೂ ಇಲ್ಲ. ಚಳಿಯಲ್ಲಿ ಎರಡು ದಿನಕ್ಕೊಮ್ಮೆ ಸಾಕು. ನಡುವಿನ ದಿನ ಕುತ್ತಿಗೆಯ ಮಡಿಕೆ, ಕಂಕುಳು, ತೊಡೆ ಸಂದಿ, ಕೂರುವ ಜಾಗ ಒರೆಸಿದರೆ ಆಯಿತು. ಅತ್ತೆಯವರು ದಿನಾ ಬೇಕೆಂದರೆ ಜಗಳಕ್ಕೆ ಹೋಗಬೇಡ, 5 ನಿಮಿಷದಲ್ಲಿ ಮುಗಿಸಿ. ನೀರು ಮೊಣಕೈಗೆ ಬೆಚ್ಚಗೆ ಅನ್ನಿಸಬೇಕು, ಬಿಸಿ ಅನ್ನಿಸಬಾರದು. ಡಿಗ್ರಿಯಲ್ಲಿ ಹೇಳಬೇಕೆಂದರೆ 37, 38. ಕೈ ಅದ್ದಿ ನೋಡಿದರೆ ಸಾಲದು. ಪಾತ್ರೆ ತೊಳೆದ ಕೈಗೆ ಬಿಸಿಯೇ ಗೊತ್ತಾಗುವುದಿಲ್ಲ. ಮಗು ಕೆಂಪಗೆ ಆಗಿ ಹೊರಬಂದರೆ "ಚೆನ್ನಾಗಿ ಮಿಂದಿತು" ಎನ್ನುತ್ತಾರಲ್ಲ, ಅದು ಮಿಂದದ್ದಲ್ಲ, ಬೆಂದದ್ದು.

ಸಾಬೂನು ಬೇಕಾದಲ್ಲಿ ಮಾತ್ರ. ನಾವು ಬಳಸುವ ಸಾಬೂನು ಕ್ಷಾರ, ಅದರ ಪಿಎಚ್, ಅಂದರೆ ಹುಳಿ-ಕ್ಷಾರದ ಅಳತೆ, 9, 10 ಇರುತ್ತದೆ. ಚರ್ಮದ್ದು ಐದೂವರೆ ಹತ್ತಿರ. ಮಗುವಿಗೆ ಅಂತ ಬರುವ, ವಾಸನೆ ಇಲ್ಲದ ಮೆದುವಾದದ್ದು ತಗೋ.

ಈಗ ಮುಖ್ಯ ಮಾತು. ನೀರಿನಿಂದ ಎತ್ತಿದ ಕೂಡಲೇ ಹಳೆಯ ಪಂಚೆಯ ತುಂಡಿನಲ್ಲಿ ಒತ್ತಿ ಒತ್ತಿ ಒರೆಸು. ತಿಕ್ಕಬೇಡ. ಮೈ ಪೂರ್ತಿ ಒಣಗಬಾರದು, ಮುಟ್ಟಿದರೆ ಸ್ವಲ್ಪ ತೇವ ಇರಬೇಕು. ಆಗಲೇ, ಮೂರು ನಿಮಿಷದ ಒಳಗೆ, ಹಚ್ಚು. ಚರ್ಮದಲ್ಲಿ ಸೇರಿದ ನೀರಿಗೆ ಮುಚ್ಚಳ ಹಾಕಿದ ಹಾಗೆ. ಸಾಂಬ್ರಾಣಿ ಹೊಗೆ ಹಾಕಿ, ದೃಷ್ಟಿ ತೆಗೆದು, ಅಂಗಿ ಹುಡುಕಿ, ಆಮೇಲೆ ಹಚ್ಚಿದರೆ ನೀರೆಲ್ಲ ಆರಿರುತ್ತದೆ. ಹೊಗೆಯಂತೂ ಬೇಡವೇ ಬೇಡ, ಮಗುವಿನ ಎದೆಗೆ ಒಳ್ಳೆಯದಲ್ಲ. ಅಂಗಿ, ಎಣ್ಣೆ, ಲಂಗೋಟಿ ಎಲ್ಲ ಮೊದಲೇ ಹಾಸಿಗೆಯ ಮೇಲೆ ಜೋಡಿಸಿಟ್ಟುಕೋ. ಗಟ್ಟಿಯಾದ ಎಣ್ಣೆಯನ್ನು ಬೆಂಕಿಯ ಮೇಲೆ ಇಡಬೇಡ, ಬಟ್ಟಲಿಗೆ ಹಾಕಿ ಬಿಸಿನೀರಿನಲ್ಲಿ ಕೂರಿಸು, ಇಲ್ಲ ಅಂಗೈಯಲ್ಲೇ ಉಜ್ಜಿಕೊಂಡರೆ ಕರಗುತ್ತದೆ. ಕಾಲಿನಲ್ಲಿ ಕೂದಲು ಇರುವ ದಿಕ್ಕಿಗೇ, ಮೇಲಿನಿಂದ ಕೆಳಗೆ ನೀವುತ್ತಾ ಹಚ್ಚು. ರಾತ್ರಿ ಮಲಗಿಸುವಾಗ ಕೆನ್ನೆಗೂ ಕಾಲಿಗೂ ಇನ್ನೊಂದು ಸಲ.

ಏನು ಹಚ್ಚಬೇಕು? ಕೊಬ್ಬರಿ ಎಣ್ಣೆ ಆಗಬಹುದು. ಅಲ್ಲಿ ಅತ್ತೆಯವರ ಮಾತೇ ಸರಿ. ವಾಸನೆ, ಕರ್ಪೂರ ಸೇರಿಸದ ಶುದ್ಧದ್ದು ಇರಲಿ. ಸಾಸಿವೆ ಎಣ್ಣೆ ಬೇಡ, ಭಾವ ಬೇಸರ ಮಾಡಿಕೊಳ್ಳಬಾರದು. ಅದರ ಘಾಟು ಮೂಗಿಗೆ ಹೊಡೆಯುತ್ತದಲ್ಲ, ಅದೇ ತೆಳು ಚರ್ಮಕ್ಕೂ ಉರಿ. ಆಲಿವ್ ಎಣ್ಣೆಯೂ ಬೇಡ. ಅದರಲ್ಲಿ ಒಲೇಯಿಕ್ ಆಮ್ಲ ಜಾಸ್ತಿ, ಅದು ಚರ್ಮದ ತಡೆಗೋಡೆಯನ್ನೇ ಸಡಿಲ ಮಾಡುತ್ತದೆ. ಎಣ್ಣೆ ಹಚ್ಚಿಯೂ ವಾರದಲ್ಲಿ ಒರಟು ಇಳಿಯದಿದ್ದರೆ ವಾಸನೆ ಇಲ್ಲದ ದಪ್ಪ ಕ್ರೀಮು, ಇಲ್ಲ ಬರೀ ಪೆಟ್ರೋಲಿಯಂ ಜೆಲ್ಲಿ. ಅದು ನೀರು ಹಿಡಿದಿಡುವುದರಲ್ಲಿ ಎಣ್ಣೆಗಿಂತ ಗಟ್ಟಿ, ಬೆಲೆಯೂ ಕಡಿಮೆ. ಯಾವುದೇ ಹೊಸದಾದರೂ ಮೊದಲು ಮುಂಗೈ ಒಳಬದಿಗೆ ಒಂದು ಚುಕ್ಕೆ ಹಚ್ಚಿ ಎರಡು ದಿನ ನೋಡು.

ಒಂದು ಎಚ್ಚರಿಕೆ, ಶಿರಸಿ ಮನೆ ಅಂತ ಹೇಳುತ್ತಿದ್ದೇನೆ. ಬಾಣಂತಿ ಕೋಣೆಯಲ್ಲಿ ಕೆಂಡದ ಬಾಣಲೆ ಇಡುತ್ತಾರೆ. ಜೆಲ್ಲಿ, ಕ್ರೀಮು, ಎಣ್ಣೆ ಹಿಡಿದ ಬಟ್ಟೆಗೆ ಬೆಂಕಿ ತಗುಲಿದರೆ ಬಗ್ ಎಂದು ಹತ್ತಿಕೊಳ್ಳುತ್ತದೆ. ಒಗೆದರೂ ಪೂರ್ತಿ ಹೋಗುವುದಿಲ್ಲ. ಕೆಂಡ ದೂರ ಇರಲಿ. ಎಣ್ಣೆ ಕೈಯಲ್ಲಿ ಮಗುವನ್ನು ಎತ್ತುವುದೂ ಬೇಡ, ಜಾರುತ್ತದೆ.

ಬೆಂಗಳೂರಿನ ಅಕ್ಕ, ನಿನಗೂ ಒಂದು ಮಾತು. ದಿನಾ ಕ್ರೀಮು ಹಚ್ಚಿದರೆ ಮುಂದೆ ಎಕ್ಸಿಮಾ, ಅಂದರೆ ಒಣಗಿ ತುರಿಸುವ ಚರ್ಮದ ಕಾಯಿಲೆ, ಬರುವುದೇ ಇಲ್ಲ ಎಂದು ಬರೆದಿದ್ದೀಯಲ್ಲ. ಬ್ರಿಟನ್ನಿನಲ್ಲಿ 1,394 ಎಳೆ ಮಕ್ಕಳ ಮೇಲೆ ಇದನ್ನೇ ಪರೀಕ್ಷೆ ಮಾಡಿ ನೋಡಿದ್ದಾರೆ, ಫಲಿತಾಂಶ 2020ರಲ್ಲಿ ಬಂತು. ಮನೆಯಲ್ಲಿ ಯಾರಿಗಾದರೂ ಅಲರ್ಜಿ, ಅಸ್ತಮಾ ಇದ್ದ ಮಕ್ಕಳೇ ಅವು. ಮೊದಲ ವರ್ಷ ದಿನಾ ಹಚ್ಚಿದವರಿಗೂ ಹಚ್ಚದವರಿಗೂ ವ್ಯತ್ಯಾಸ ಕಾಣಲಿಲ್ಲ. ಒಣಗಿದ ಚರ್ಮಕ್ಕೆ ಹಚ್ಚು, ಆರಾಮ ಸಿಗುತ್ತದೆ. ಬರದ ಕಾಯಿಲೆ ತಡೆಯಲು ಅಂತ ಸುಮ್ನೆ ಸಾವಿರಗಟ್ಟಲೆ ಸುರಿಯುವುದು ಬೇಡ.

ಪೌಡರ್ ಬೇಡ, ಉಸಿರಿನಲ್ಲಿ ಒಳಗೆ ಹೋಗುತ್ತದೆ. ಕಿವಿ, ಮೂಗು, ಹೊಕ್ಕುಳಿಗೆ ಎಣ್ಣೆ ಬಿಡಬೇಡಿ. ಏಪ್ರಿಲ್‌ನಲ್ಲಿ ಮತ್ತೆ ಕಾರವಾರಕ್ಕೆ ಬಂದಾಗ ಇದೇ ಲೆಕ್ಕದಲ್ಲಿ ಜೆಲ್ಲಿ ಮೆತ್ತಬೇಡ, ಆ ಸೆಕೆಗೆ ಬೆವರುಸಾಲೆ ಏಳುತ್ತದೆ. ಆಗ ತೆಳು ಅಂಗಿ, ಫ್ಯಾನಿನ ಗಾಳಿ ಸಾಕು.

ಕೆನ್ನೆಯಲ್ಲಿ ನೀರು ಒಸರಿದರೆ, ಹಳದಿ ಹೊಪ್ಪಳೆ ಕಟ್ಟಿದರೆ, ಗುಳ್ಳೆ ಎದ್ದರೆ, ಜ್ವರ ಬಂದರೆ, ತುರಿಕೆಗೆ ಮಗು ನಿದ್ದೆ ಮಾಡದಿದ್ದರೆ ನನ್ನನ್ನು ಕೇಳುತ್ತಾ ಕೂರಬೇಡ, ಮಕ್ಕಳ ಡಾಕ್ಟರ ಹತ್ತಿರ ಅದೇ ದಿನ ಹೋಗು. ಮೆಡಿಕಲ್ ಶಾಪಿನವರು ಕೊಟ್ಟ ಟ್ಯೂಬು ತಂದು ಹಚ್ಚಬೇಡ, ಎಷ್ಟೋ ಟ್ಯೂಬುಗಳಲ್ಲಿ ಸ್ಟೀರಾಯ್ಡ್ ಇರುತ್ತದೆ. ಫೋಟೋದಲ್ಲಿ ಅಂಥದ್ದೇನೂ ನನಗೆ ಕಾಣಲಿಲ್ಲ, ಬರೀ ಒಣಗಿದ್ದು.

ಅತ್ತೆಯವರಿಗೆ ಹೇಗೆ ಹೇಳುವುದು ಎಂದು ಒದ್ದಾಡಬೇಡ. "ನೀವು ಹೇಳಿದ ಎಣ್ಣೆಯೇ ಹಚ್ಚೋಣ, ಮಿಂದ ಮೇಲೂ ಸ್ವಲ್ಪ ಹಚ್ಚೋಣ" ಎನ್ನು. ಹಿಟ್ಟಿನ ಡಬ್ಬಿ ಮಾತ್ರ ಬಚ್ಚಲಿನಿಂದ ಅಡುಗೆಮನೆಗೆ ದಾಟಿಸು. ಬಜ್ಜಿ ಮಾಡಿಕೊಡು, ಅವರಿಗೆ ಅನುಮಾನವೂ ಬರುವುದಿಲ್ಲ.

ಒಂದು ವಾರ ಬಿಟ್ಟು ಕಾಲಿನ ಫೋಟೋ ಕಳಿಸು. ಕಿಟಕಿ ಹತ್ತಿರ ಹಗಲಿನ ಬೆಳಕಲ್ಲಿ ತೆಗಿ, ಟ್ಯೂಬ್‌ಲೈಟಿನ ಕೆಳಗೆ ತೆಗೆದರೆ ಹೊಟ್ಟೂ ಚರ್ಮವೂ ಒಂದೇ ಕಾಣುತ್ತದೆ. ಇಡುತ್ತೇನೆ, ಬೆಕ್ಕು ಬಂಗುಡೆ ಬುಟ್ಟಿಯ ಸುತ್ತ ತಿರುಗುತ್ತಿದೆ.