ಕ್ಲಾಟ್‌ಗೆ ಹತ್ತು ತಿಂಗಳು ಸಾಕಾ? ಕನ್ನಡ ಮಾಧ್ಯಮದ ಹುಡುಗಿ, ಕೋಚಿಂಗ್ ಇಲ್ಲ

ಬಯಲುಸೀಮೆ_ಅಪ್ಪ

ನಮಸ್ಕಾರ. ಮಗಳು ಪ್ರಥಮ ಪಿಯು ಮುಗಿಸ್ತಾ ಇದ್ದಾಳೆ, ಎಚ್‌ಇಪಿಎಸ್. ಒಂದರಿಂದ ಎಸ್ಸೆಸ್ಸೆಲ್ಸಿವರೆಗೂ ತುಮಕೂರು ಜಿಲ್ಲೆಯಲ್ಲೇ ಕನ್ನಡ ಮಾಧ್ಯಮ. ಕ್ಲಾಟ್ (ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳ ಪ್ರವೇಶ ಪರೀಕ್ಷೆ) ಬರೆದು ಬೆಂಗಳೂರು ನಾಗರಭಾವಿಯ ಲಾ ಸ್ಕೂಲಿಗೆ (ಎನ್‌ಎಲ್‌ಎಸ್‌ಐಯು) ಪ್ರಯತ್ನ ಮಾಡ್ತೀನಿ ಅಂತಿದ್ದಾಳೆ. ಬೆಂಗಳೂರಿಗೆ ಕೋಚಿಂಗಿಗೆ ಕಳಿಸೋಕೆ ಆಗಲ್ಲ.

ಕೇಳಬೇಕಿರೋದು ಮೂರು. ಇಂಗ್ಲಿಷ್ ಓದೋದು ನಿಧಾನ, ಅದನ್ನ ಹೇಗೆ ಸರಿ ಮಾಡೋದು? ಕರ್ನಾಟಕದವರಿಗೆ ಮೀಸಲು ಸೀಟು ಇದೆಯಂತೆ, ಅದಕ್ಕೆ ಯಾವ ಕಾಗದ ಬೇಕು? ನೆಗೆಟಿವ್ ಮಾರ್ಕಿಂಗ್ ಇದೆಯಲ್ಲ, ಗೊತ್ತಿಲ್ಲದ ಪ್ರಶ್ನೆ ಬಿಟ್ಟುಬಿಡೋದಾ?

ಕರಿಕೋಟು

ಸರ್, ಪರೀಕ್ಷೆಯ ಅಳತೆ ಮೊದಲು. 120 ಪ್ರಶ್ನೆ, 120 ಅಂಕ, 120 ನಿಮಿಷ. ತಪ್ಪಿಗೆ ಕಾಲು ಅಂಕ ಕಡಿತ. ಭಾಷೆ ಇಂಗ್ಲಿಷ್ ಮಾತ್ರ, ಕನ್ನಡದಲ್ಲಿ ಇಲ್ಲ. ಕಾನೂನು ಮತ್ತು ಪ್ರಚಲಿತ ವಿದ್ಯಮಾನ ತಲಾ 28ರಿಂದ 32 ಪ್ರಶ್ನೆ, ಇಂಗ್ಲಿಷ್ ಮತ್ತು ತರ್ಕ ತಲಾ 22ರಿಂದ 26, ಗಣಿತ 10ರಿಂದ 14. ಪ್ರಶ್ನೆಗಳು ಬಿಡಿಬಿಡಿಯಾಗಿ ಬರಲ್ಲ. ಸುಮಾರು 450 ಪದದ ಒಂದೊಂದು ಪ್ಯಾಸೇಜ್, ಅದರ ಕೆಳಗೆ ಐದಾರು ಪ್ರಶ್ನೆ.

ಈಗ ಲೆಕ್ಕ ಹಾಕಿ. ಇಪ್ಪತ್ತು ಪ್ಯಾಸೇಜ್ ಅಂತಿಟ್ಟುಕೊಂಡರೂ 9,000 ಪದ ಆಯ್ತು. ನಿಮಿಷಕ್ಕೆ 200 ಪದ ಓದುವವರಿಗೆ ಪ್ಯಾಸೇಜ್ ಓದೋಕೇ 45 ನಿಮಿಷ. ನಿಮಿಷಕ್ಕೆ 100 ಪದದವರಿಗೆ ಒಂದೂವರೆ ಗಂಟೆ, ಉತ್ತರ ಯೋಚಿಸೋಕೆ ಉಳಿಯೋದು ಅರ್ಧ ಗಂಟೆ. ಕನ್ನಡ ಮಾಧ್ಯಮದ ಮಕ್ಕಳು ಸೋಲೋದು ಬುದ್ಧಿಯಲ್ಲಲ್ಲ, ಇಲ್ಲಿ. ಹಾಗಾಗಿ ಮೊದಲ ನಾಲ್ಕು ತಿಂಗಳು ಕೋಚಿಂಗ್ ಪುಸ್ತಕ ಮುಟ್ಟಿಸಲೇಬೇಡಿ, ಓದು ಮಾತ್ರ.

ದಿನಾ ಮಾಡಬೇಕಾದ್ದು ಇಷ್ಟು. ಬೆಳಗ್ಗೆ ಪ್ರಜಾವಾಣಿಯ ಸಂಪಾದಕೀಯ ಓದಲಿ. ಆಮೇಲೆ ಅದೇ ವಿಷಯದ ಮೇಲೆ ದಿ ಹಿಂದೂ ಅಥವಾ ಇಂಡಿಯನ್ ಎಕ್ಸ್‌ಪ್ರೆಸ್‌ನಲ್ಲಿ ಬಂದದ್ದನ್ನು ಗಡಿಯಾರ ಇಟ್ಟುಕೊಂಡು ಓದಲಿ. ವಿಷಯ ಮೊದಲೇ ಕನ್ನಡದಲ್ಲಿ ತಲೆಗೆ ಹೋಗಿರುತ್ತೆ, ಇಂಗ್ಲಿಷಿನಲ್ಲಿ ತಡವರಿಸೋದು ಪದಕ್ಕೆ ಮಾತ್ರ. ಓದಿದ ಮೇಲೆ ಪೇಪರ್ ಮುಚ್ಚಿ, ಬರೆದವರ ವಾದ ಏನು ಅಂತ ಒಂದೇ ವಾಕ್ಯ ಬರೀಬೇಕು. ಕನ್ನಡದಲ್ಲಿ ಬರೆದರೂ ಪರವಾಗಿಲ್ಲ. ಆ ಒಂದು ವಾಕ್ಯ ಬರಲಿಲ್ಲ ಅಂದ್ರೆ ಕಣ್ಣು ಓಡಿದೆ, ಓದಿಲ್ಲ. 450 ಪದಕ್ಕೆ ಶುರುವಿನಲ್ಲಿ ನಾಲ್ಕು ನಿಮಿಷ ಹಿಡಿದರೆ ಹಿಡೀಲಿ, ಜುಲೈ ಹೊತ್ತಿಗೆ ಎರಡೂಕಾಲಿಗೆ ಬರಬೇಕು.

ಇನ್ನೊಂದು ಮಾತು. ಕಷ್ಟದ ಪದಗಳ ಪಟ್ಟಿ ಉರು ಹೊಡೆಸಬೇಡಿ. ಅಂಕ ಕಳೆಯೋದು ದೊಡ್ಡ ಪದಗಳಲ್ಲ, ಸಣ್ಣ ಕೀಲು ಪದಗಳು: ಅನ್‌ಲೆಸ್, ಪ್ರೊವೈಡೆಡ್ ದಟ್, ನಾಟ್‌ವಿತ್‌ಸ್ಟ್ಯಾಂಡಿಂಗ್, ಶಲ್, ಮೇ. ‘ಅನ್‌ಲೆಸ್’ ಅನ್ನು ‘ಇಫ್’ ಅಂತ ಓದಿಕೊಂಡರೆ ಕಾನೂನಿನ ಪ್ಯಾಸೇಜ್ ಪೂರ್ತಿ ತಲೆಕೆಳಗು, ಐದಕ್ಕೆ ಐದೂ ಪ್ರಶ್ನೆ ಹೋಯ್ತು.

ತೀರ್ಪುಪ್ರಿಯೆ

ಕರಿಕೋಟು ಹೇಳಿದ್ದಕ್ಕೆ ಕಾನೂನು ವಿಭಾಗದ ಬಗ್ಗೆ ಸೇರಿಸ್ತೀನಿ. ಇಲ್ಲಿ ಮೊದಲೇ ಕಾನೂನು ಓದಿರಬೇಕಿಲ್ಲ. ನಿಯಮ ಪ್ಯಾಸೇಜಿನಲ್ಲೇ ಇರುತ್ತೆ, ಅದನ್ನು ಹೊಸ ಸನ್ನಿವೇಶಕ್ಕೆ ಹೊಂದಿಸಬೇಕು ಅಷ್ಟೆ. ತಪ್ಪಾಗೋದು ನಮಗೆ ಗೊತ್ತಿರೋ ನ್ಯಾಯ-ಅನ್ಯಾಯವನ್ನು ಒಳಗೆ ತಂದಾಗ. ಒಂದು ಮಾದರಿ ನೋಡಿ.

ನಿಯಮ: ಒಬ್ಬರ ಸ್ವಾಧೀನದಲ್ಲಿರುವ ಚರ ವಸ್ತುವನ್ನು ಅವರ ಒಪ್ಪಿಗೆಯಿಲ್ಲದೆ, ಅಪ್ರಾಮಾಣಿಕವಾಗಿ ಪಡೆಯುವ ಉದ್ದೇಶದಿಂದ ಕದಲಿಸಿದರೆ ಅದು ಕಳವು. ರಿಪೇರಿ ಹಣ ಸಂದಾಯವಾಗುವವರೆಗೆ ವಸ್ತುವನ್ನು ತನ್ನಲ್ಲಿ ಇಟ್ಟುಕೊಳ್ಳುವ ಹಕ್ಕು ರಿಪೇರಿ ಮಾಡಿದವನಿಗೆ ಇದೆ.

ಸನ್ನಿವೇಶ: ಸ್ಕೂಟರ್ ರಿಪೇರಿಗೆ 1,800 ರೂಪಾಯಿ ಬಿಲ್. ದುಡ್ಡು ಕೊಡದೆ ಗಾಡಿ ಬಿಡಲ್ಲ ಅಂದ ಮೆಕ್ಯಾನಿಕ್. ಮಾಲೀಕ ರಾತ್ರಿ ಬಂದು, ಬಿಲ್ ಉಳಿಸೋಕೆ ಡೂಪ್ಲಿಕೇಟ್ ಕೀ ಹಾಕಿ ಗಾಡಿ ತಗೊಂಡು ಹೋದ. ಕಳವಾ?

‘ತನ್ನದೇ ಗಾಡಿ, ಕಳವು ಹೇಗಾಗುತ್ತೆ’ ಅನ್ನೋ ಆಯ್ಕೆ ಮೊದಲನೇದಾಗಿ ಇಟ್ಟಿರ್ತಾರೆ, ಅರ್ಧ ಜನ ಅದನ್ನೇ ತುಂಬ್ತಾರೆ. ನಿಯಮದಲ್ಲಿ ‘ಮಾಲೀಕತ್ವ’ ಅನ್ನೋ ಪದವೇ ಇಲ್ಲ, ಇರೋದು ‘ಸ್ವಾಧೀನ’. ಗಾಡಿ ಮೆಕ್ಯಾನಿಕ್‌ನ ಸ್ವಾಧೀನದಲ್ಲಿತ್ತು, ಇಟ್ಟುಕೊಳ್ಳೋ ಹಕ್ಕೂ ಇತ್ತು, ಒಪ್ಪಿಗೆ ಇರಲಿಲ್ಲ, ಉದ್ದೇಶ ಬಾಕಿ ತಪ್ಪಿಸೋದು. ಕಳವೇ. ಬಿಲ್ಲೇ ಇರಲಿಲ್ಲ, ಮೆಕ್ಯಾನಿಕ್ ಸುಮ್ಮನೆ ಸತಾಯಿಸ್ತಿದ್ದ ಅಂತ ಸನ್ನಿವೇಶ ಬದಲಾದರೆ ಉತ್ತರವೂ ಬದಲಾಗುತ್ತೆ. ಮಗಳು ನಿಯಮವನ್ನು ಹೀಗೆ ತುಂಡು ಮಾಡಿ, ಪ್ರತಿ ತುಂಡಿಗೂ ಸನ್ನಿವೇಶದಲ್ಲಿ ಟಿಕ್ ಹಾಕೋದನ್ನ ಪೆನ್ಸಿಲ್ ಹಿಡಿದು ಅಭ್ಯಾಸ ಮಾಡಲಿ. ಎರಡು ತಿಂಗಳಲ್ಲಿ ಕೈಗೆ ಹತ್ತುತ್ತೆ. ಅಂಕ ಸಮ ಬಂದಾಗ ಮೊದಲು ನೋಡೋದೂ ಈ ವಿಭಾಗದ ಅಂಕವನ್ನೇ, ಆಮೇಲೆ ವಯಸ್ಸು, ಕೊನೆಗೆ ಚೀಟಿ.

ಹಳೇ ಪುಸ್ತಕ ಕೊಳ್ಳುವಾಗ ಹುಷಾರು. 1860ರ ದಂಡ ಸಂಹಿತೆ ಹೋಗಿ ಭಾರತೀಯ ನ್ಯಾಯ ಸಂಹಿತೆ 2024ರ ಜುಲೈ 1ರಿಂದ ಬಂದಿದೆ. ಮಾರ್ಕೆಟ್ಟಿನಲ್ಲಿ ಇನ್ನೂ ಹಳೇ ಸಂಹಿತೆಯ ಸೆಕ್ಷನ್ 420, 302 ಅಂತಿರೋ ಪುಸ್ತಕವೇ ರಾಶಿ ಇದೆ.

ಪ್ರಚಲಿತ ವಿದ್ಯಮಾನ ಮಾತ್ರ ಬೇರೆ ಜಾತಿ. ಪ್ಯಾಸೇಜ್ ಕೊಡ್ತಾರೆ, ಉತ್ತರ ಬಹಳ ಸಲ ಅದರಲ್ಲಿರಲ್ಲ, ಹೊರಗಿನ ತಿಳಿವಳಿಕೆ ಬೇಕು. ಒಂದು ಸುದ್ದಿಯನ್ನು ಒಂದೇ ಸಾಲಲ್ಲಿ ಬರೆದಿಟ್ಟರೆ ಸಾಲದು. ಉದಾಹರಣೆಗೆ ಪರಿಶಿಷ್ಟ ಜಾತಿಗಳ ಒಳಮೀಸಲಾತಿ: ಸುಪ್ರೀಂ ಕೋರ್ಟ್ ತೀರ್ಪು 2024ರ ಆಗಸ್ಟ್ 1, ಪಂಜಾಬ್ ಸರ್ಕಾರ ಮತ್ತು ದವೀಂದರ್ ಸಿಂಗ್ ಪ್ರಕರಣ, ಏಳು ನ್ಯಾಯಮೂರ್ತಿಗಳ ಪೀಠ, 6:1, ಭಿನ್ನಮತ ನ್ಯಾ. ಬೇಲಾ ತ್ರಿವೇದಿ, ತಳ್ಳಿಹಾಕಿದ್ದು 2004ರ ಚಿನ್ನಯ್ಯ ತೀರ್ಪು, ಸಂಬಂಧಿಸಿದ ವಿಧಿಗಳು 14, 15, 16, 341. ಅದರ ಬಾಲವಾಗಿ ನಮ್ಮ ರಾಜ್ಯದ ನಾಗಮೋಹನ್ ದಾಸ್ ಆಯೋಗ. ಹೀಗೆ ಒಂದು ಸುದ್ದಿಗೆ ಐದಾರು ಗೂಟ ಹೊಡೆದಿಟ್ಟರೆ ಯಾವ ಕಡೆಯಿಂದ ಕೇಳಿದರೂ ಸಿಗುತ್ತೆ. ವಾರಕ್ಕೆ ಇಂಥ ಐದು ವಿಷಯ ಸಾಕು.

ಗಣಿತಕ್ಕೆ ಎಸ್ಸೆಸ್ಸೆಲ್ಸಿ ಪುಸ್ತಕ ಸಾಕು: ಶೇಕಡಾವಾರು, ಅನುಪಾತ, ಸರಾಸರಿ, ಲಾಭ-ನಷ್ಟ. ಶೇ 40ರಿಂದ ಶೇ 50ಕ್ಕೆ ಹೋದರೆ ಏರಿಕೆ ಶೇ 10 ಅಲ್ಲ, ಶೇ 25 ಅನ್ನೋದು ಗೊತ್ತಿದ್ದರೆ ಅರ್ಧ ಗೆದ್ದ ಹಾಗೆ. ಆರ್ಟ್ಸ್‌ನವರು ಹೆದರಿ ಈ ವಿಭಾಗವನ್ನೇ ಬಿಡ್ತಾರೆ, ಅದು ದಡ್ಡತನ.

ನಾಡಕಚೇರಿ_ನಾಗ

ಕಾಗದಪತ್ರದ ವಿಷಯಕ್ಕೆ ಬರ್ತೀನಿ, ಯಾಕಂದ್ರೆ ರ‍್ಯಾಂಕ್ ಬಂದೂ ಸೀಟು ತಪ್ಪೋದು ಇಲ್ಲೇ.

ಬೆಂಗಳೂರಿನ ಎನ್‌ಎಲ್‌ಎಸ್‌ಐಯುನಲ್ಲಿ ‘ಕರ್ನಾಟಕ ವಿದ್ಯಾರ್ಥಿ’ಗಳಿಗೆ ಶೇ 25 ಸಮತಲ ಮೀಸಲು. ಸಮತಲ ಅಂದ್ರೆ ಬೇರೆ ಗುಂಪಲ್ಲ, ಸಾಮಾನ್ಯ, ಎಸ್‌ಸಿ, ಎಸ್‌ಟಿ ಅಂತ ಪ್ರತಿ ವರ್ಗದ ಒಳಗೂ ಅಷ್ಟು ಪಾಲು. ಅರ್ಹತೆ ಹುಟ್ಟಿದ ಊರಿನ ಮೇಲಲ್ಲ, ಮಾತೃಭಾಷೆ ಮೇಲೂ ಅಲ್ಲ. ರಾಜ್ಯದಲ್ಲಿರೋ ಮಾನ್ಯತೆ ಪಡೆದ ಶಾಲೆ-ಕಾಲೇಜಿನಲ್ಲಿ ಕನಿಷ್ಠ ಹತ್ತು ವರ್ಷ ಓದಿರಬೇಕು. ನಿಮ್ಮ ಮಗಳಿಗೆ ಒಂದರಿಂದ ಎಸ್ಸೆಸ್ಸೆಲ್ಸಿಗೇ ಹತ್ತು ಆಯ್ತು. ಐದನೇ ಕ್ಲಾಸಿಗೆ ಹೊರ ರಾಜ್ಯದಿಂದ ಬಂದವರಿಗೆ ದ್ವಿತೀಯ ಪಿಯು ಸೇರಿಸಿದರೂ ಎಂಟೇ ಆಗೋದು, ಸಿಗಲ್ಲ.

ವ್ಯಾಸಂಗ ಪ್ರಮಾಣಪತ್ರವನ್ನು ಓದಿದ ಪ್ರತಿ ಶಾಲೆಯಿಂದಲೂ ಈಗಲೇ ತಗೊಳ್ಳಿ, ಯಾವ ವರ್ಷದಿಂದ ಯಾವ ವರ್ಷ ಅನ್ನೋದು ಅದರಲ್ಲಿ ನಮೂದಾಗಿರಲಿ. ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮೇಲುಸಹಿಯನ್ನೂ ಒಟ್ಟಿಗೇ ಮಾಡಿಸಿಬಿಡಿ. ಪ್ರಾಥಮಿಕ ಶಾಲೆ ಒಂದು ತಾಲ್ಲೂಕು, ಹೈಸ್ಕೂಲು ಇನ್ನೊಂದು ತಾಲ್ಲೂಕು ಆದರೆ ಎರಡು ಬಿಇಒ ಕಚೇರಿ ಸುತ್ತಬೇಕು. ಬೇಸಿಗೆ ರಜೆಯಲ್ಲಿ ಹೆಡ್‌ಮಾಸ್ಟರ್ ಕೈಗೆ ಸಿಗಲ್ಲ, ಅದಕ್ಕೇ ಏಪ್ರಿಲ್‌ಗೆ ಮುಂಚೆ ಮುಗಿಸಿ. ಗ್ರಾಮೀಣ, ಕನ್ನಡ ಮಾಧ್ಯಮ ಪ್ರಮಾಣಪತ್ರ ಸಿಇಟಿಗೆ ನಡೆಯುತ್ತೆ, ಇಲ್ಲಿ ಕೆಲಸಕ್ಕೆ ಬರಲ್ಲ.

ಜಾತಿ ಪ್ರಮಾಣಪತ್ರದಲ್ಲಿ ದೊಡ್ಡ ಗೊಂದಲ ಇದು: ರಾಜ್ಯದ 2ಎ, 3ಬಿ ಪ್ರಮಾಣಪತ್ರ ಬೇರೆ, ಕೇಂದ್ರದ ಒಬಿಸಿ ಕೆನೆಪದರೇತರ ಪ್ರಮಾಣಪತ್ರ ಬೇರೆ. ಯಾವ ವಿಶ್ವವಿದ್ಯಾಲಯ ಯಾವ ನಮೂನೆ ಕೇಳ್ತದೆ ಅಂತ ಅದರದೇ ಪ್ರಕಟಣೆ ನೋಡಿ ನಾಡಕಚೇರಿಗೆ ಹೋಗಿ. ಆದಾಯಕ್ಕೆ ಸಂಬಂಧಿಸಿದವು ಅವಧಿ ಮುಗಿಯುತ್ತವೆ, ಆರ್‌ಡಿ ನಂಬರ್ ಹಾಕಿ ಆನ್‌ಲೈನ್‌ನಲ್ಲಿ ಒಮ್ಮೆ ತೆಗೆದು ನೋಡಿಕೊಳ್ಳಿ.

ಅರ್ಜಿ ತುಂಬುವಾಗ ಮೂರು ಎಚ್ಚರ. ಒಂದು, ಲಾಗಿನ್ ಆಗೋದೇ ಮೊಬೈಲ್ ನಂಬರಿನಿಂದ. ಸೈಬರ್ ಸೆಂಟರಿನವರು ಬೇಗ ಆಗಲಿ ಅಂತ ತಮ್ಮ ನಂಬರ್ ಹಾಕಿಬಿಡ್ತಾರೆ, ಆಮೇಲೆ ಸೀಟು ಹಂಚಿಕೆಯ ಒಟಿಪಿ ಅವರ ಫೋನಿಗೆ ಹೋಗಿ ಕೂರುತ್ತೆ. ಎರಡು, ಹೆಸರು. ಅಂಕಪಟ್ಟಿಯಲ್ಲಿ ಇನಿಷಿಯಲ್, ಆಧಾರ್‌ನಲ್ಲಿ ಅದನ್ನು ಬಿಡಿಸಿ ಅಪ್ಪನ ಹೆಸರು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇದ್ದಂತೆ ಅರ್ಜಿ ತುಂಬಿ, ಆಧಾರ್ ಅನ್ನು ಅದಕ್ಕೆ ಹೊಂದಿಸಿ. ಮೂರು, ಮೀಸಲಾತಿಯ ಕಾಲಂ, ಕರ್ನಾಟಕ ವಿದ್ಯಾರ್ಥಿ ಕಾಲಂ ಎರಡನ್ನೂ ಅರ್ಜಿಯಲ್ಲೇ ಗುರುತು ಮಾಡಬೇಕು. ಫಲಿತಾಂಶ ಬಂದ ಮೇಲೆ ಕೇಳಿದರೆ ನಡೆಯಲ್ಲ.

2025ರಲ್ಲಿ ಅರ್ಜಿ ಶುಲ್ಕ ಸಾಮಾನ್ಯರಿಗೆ 4,000, ಎಸ್‌ಸಿ, ಎಸ್‌ಟಿ, ಬಿಪಿಎಲ್, ಇವರಿಗೆ 3,500 ಇತ್ತು. 2025ರಲ್ಲಿ ಅರ್ಜಿ ಆಗಸ್ಟ್ 1ಕ್ಕೆ ತೆರೆದಿತ್ತು. ಪರೀಕ್ಷೆ ಡಿಸೆಂಬರ್ ಮೊದಲ ಭಾನುವಾರ ಮಧ್ಯಾಹ್ನ 2ರಿಂದ 4, ಹಿಂದಿನ ಮೂರು ಸಲವೂ ಹಾಗೇ. ದ್ವಿತೀಯ ಪಿಯುನಲ್ಲಿ ಶೇ 45 ಬೇಕು, ಎಸ್‌ಸಿ, ಎಸ್‌ಟಿಗೆ ಶೇ 40.

ಕೌನ್ಸೆಲಿಂಗ್ ನೋಂದಣಿಗೆ 30,000, ಮೀಸಲು ವರ್ಗಕ್ಕೆ 20,000 ಕಟ್ಟಿಸ್ಕೊಂಡಿದ್ದಾರೆ. ಈ ದುಡ್ಡು ಕೈಯಲ್ಲಿರಲಿ, ಕಟ್ಟೋಕೆ ಸಿಗೋದು ಕೆಲವೇ ದಿನ. ಸೀಟು ಬಂದಾಗ ಫ್ರೀಜ್ ಅಂದ್ರೆ ಇದೇ ಸಾಕು, ಫ್ಲೋಟ್ ಅಂದ್ರೆ ಇದನ್ನ ಹಿಡ್ಕೊಂಡು ಮೇಲಿನದಕ್ಕೆ ಕಾಯ್ತೀನಿ. ಫ್ಲೋಟ್‌ನಲ್ಲಿ ಮೇಲಿನದು ಬಂದರೆ ಹಳೇದು ತಾನಾಗಿ ಹೋಗುತ್ತೆ, ವಾಪಸ್ ಬರಲ್ಲ. ಹಾಗಾಗಿ ಆದ್ಯತೆ ಪಟ್ಟಿಯಲ್ಲಿ ಹೋಗೋಕೆ ಮನಸ್ಸಿಲ್ಲದ ಕಾಲೇಜನ್ನು ಮೇಲೆ ಇಡಬೇಡಿ. ಏನೂ ಒತ್ತದೆ ಸುಮ್ಮನಿದ್ದರೆ ಪ್ರಕ್ರಿಯೆಯಿಂದಲೇ ಹೊರಗೆ.

ಓಎಂಆರ್_ಹುಳು

ನೆಗೆಟಿವ್ ಮಾರ್ಕಿಂಗ್ ಬಗ್ಗೆ ಯಾರೂ ಹೇಳಲಿಲ್ಲ. ಎಲ್ಲರೂ ‘ಗೊತ್ತಿಲ್ಲದ್ದು ಬಿಡಿ’ ಅಂತಾರೆ. ಲೆಕ್ಕ ಬೇರೆ ಹೇಳುತ್ತೆ. ನಾಲ್ಕು ಆಯ್ಕೆ, ತಪ್ಪಿಗೆ 0.25. ಐದರಲ್ಲಿ ಒಂದು ಸರಿಯಾದರೂ ಲಾಭವೂ ಇಲ್ಲ ನಷ್ಟವೂ ಇಲ್ಲ. ಒಂದು ಆಯ್ಕೆಯನ್ನು ಖಚಿತವಾಗಿ ಹೊಡೆದುಹಾಕಿದರೆ ಸರಾಸರಿ 0.17 ಅಂಕದ ಲಾಭ, ಎರಡನ್ನು ಹೊಡೆದರೆ 0.375. ಹಾಗಾಗಿ ಒಂದನ್ನಾದರೂ ತೆಗೆದುಹಾಕೋಕೆ ಆದರೆ ತುಂಬಲೇಬೇಕು.

ಕರಿಕೋಟು

ಲೆಕ್ಕ ಸರಿ ಇದೆ, ಆದರೆ ಕಾನೂನು ಮತ್ತು ತರ್ಕದಲ್ಲಿ ಆಯ್ಕೆಗಳು ದಾಳ ಹಾಕಿದ ಹಾಗಿರಲ್ಲ. ಅರ್ಧಂಬರ್ಧ ಓದಿದವರು ಬೀಳಲಿ ಅಂತಲೇ ಒಂದು ಬಲೆ ಇಟ್ಟಿರ್ತಾರೆ, ಮೇಲಿನ ಸ್ಕೂಟರ್ ಥರ. ಪ್ಯಾಸೇಜ್ ಓದದೆ ತುಂಬಿದರೆ ಐದರಲ್ಲಿ ಒಂದೂ ಬರಲ್ಲ. ಜಿಕೆಯಲ್ಲಿ, ಅಂದ್ರೆ ಪ್ರಚಲಿತ ವಿದ್ಯಮಾನದಲ್ಲಿ, ನಿಮ್ಮ ನಿಯಮ ಒಪ್ಪುತ್ತೀನಿ.

ಓಎಂಆರ್_ಹುಳು

ಒಪ್ಪಿದೆ. ಓದದೇ ಇರೋ ಪ್ಯಾಸೇಜಿಗೆ ಈ ಮಾತು ಅನ್ವಯಿಸಲ್ಲ.

ಸಮಯ ಹಂಚಿಕೆ: ಜಿಕೆ 11 ನಿಮಿಷ, ಕಾನೂನು 34, ತರ್ಕ 29, ಇಂಗ್ಲಿಷ್ 21, ಗಣಿತ 15. ಉಳಿದ ಹತ್ತು ನಿಮಿಷ ಓಎಂಆರ್ ಅಂದ್ರೆ ಗುಳ್ಳೆ ತುಂಬುವ ಉತ್ತರ ಹಾಳೆಗೆ. ಪ್ರತಿ ಪ್ಯಾಸೇಜ್ ಮುಗಿದ ಕೂಡಲೇ ಅದರ ಐದಾರು ಗುಳ್ಳೆ ತುಂಬಬೇಕು. ಎಲ್ಲ ಕೊನೆಗೆ ತುಂಬ್ತೀನಿ ಅಂದವರು ಒಂದು ಪ್ರಶ್ನೆ ಬಿಟ್ಟದ್ದನ್ನು ಮರೆತು ಅಲ್ಲಿಂದ ಮುಂದೆ ಎಲ್ಲವನ್ನೂ ಒಂದು ಸಾಲು ಮೇಲಕ್ಕೆ ತುಂಬಿರ್ತಾರೆ. ಬಾಲ್‌ಪೆನ್, ಅಳಿಸೋಕಾಗಲ್ಲ. ಸ್ಮಾರ್ಟ್‌ವಾಚ್ ಒಳಗೆ ಬಿಡಲ್ಲ, ಮುಳ್ಳಿನ ವಾಚ್ ಕಟ್ಟಿಕೊಂಡು ಅಭ್ಯಾಸ ಮಾಡಲಿ.

ಮಾಕ್ (ಅಣಕು ಪರೀಕ್ಷೆ) ಮಾರ್ಚ್‌ನಿಂದ ಜುಲೈವರೆಗೆ ಹದಿನೈದು ದಿನಕ್ಕೊಂದು, ಆಗಸ್ಟ್‌ನಿಂದ ವಾರಕ್ಕೊಂದು, ನವೆಂಬರ್‌ನಲ್ಲಿ ವಾರಕ್ಕೆರಡು. ಒಟ್ಟು ಮೂವತ್ತು, ಅಷ್ಟೇ. ಬರೆಯೋದು ಮಧ್ಯಾಹ್ನ ಎರಡಕ್ಕೇ, ಊಟದ ನಿದ್ದೆ ಹೊತ್ತಲ್ಲಿ. ಎರಡು ಗಂಟೆ ಬರೆದರೆ ಮೂರು ಗಂಟೆ ತಪ್ಪು ನೋಡಬೇಕು: ತಪ್ಪಾಗಿ ಓದಿದ್ದಾ, ಗೊತ್ತೇ ಇರಲಿಲ್ಲವಾ, ಸಮಯ ಸಾಲದೆ ಹೋಯ್ತಾ. ಕನ್ನಡ ಮಾಧ್ಯಮದವರಿಗೆ ಮೊದಲು ಎಲ್ಲ ಮೂರನೇದರಲ್ಲೇ ಬೀಳುತ್ತೆ. ಅದು ಮೊದಲನೇದಕ್ಕೆ ಜರುಗಿದರೆ ವೇಗ ಬಂದಿದೆ ಅಂತ ಅರ್ಥ, ಅಂಕ ಕಮ್ಮಿಯಾದರೂ ಗಾಬರಿ ಬೇಡ.

ಹಳೇ ಪ್ರಶ್ನೆಪತ್ರಿಕೆ ಕ್ಲಾಟ್ ನಡೆಸುವ ಕಾನೂನು ವಿಶ್ವವಿದ್ಯಾಲಯಗಳ ಒಕ್ಕೂಟದ ವೆಬ್‌ಸೈಟ್‌ನಲ್ಲೇ ಇವೆ. ಕ್ಲಾಟ್ 2024ರಿಂದೀಚಿನವು ಮಾತ್ರ ಈಗಿನ 120 ಪ್ರಶ್ನೆಯ ಮಾದರಿ. 2020ರಿಂದ 2023ರವು 150 ಪ್ರಶ್ನೆ, ಪ್ಯಾಸೇಜ್ ಅಭ್ಯಾಸಕ್ಕೆ ಚೆನ್ನ. ಅದಕ್ಕೂ ಹಿಂದಿನವು ಬೇರೆಯದೇ ಪರೀಕ್ಷೆ, ಮುಟ್ಟಬೇಡಿ.

ಬಯಲುಸೀಮೆ_ಅಪ್ಪ

ತುಂಬಾ ಉಪಕಾರ ಆಯ್ತು. ಸೋಮವಾರವೇ ಶಾಲೆಗೆ ಹೋಗಿ ಬರ್ತೀನಿ. ಇದೊಂದನ್ನೇ ನೆಚ್ಚಿಕೊಳ್ಳೋದು ಬೇಡ ಅನ್ಸುತ್ತೆ. ಬೇರೆ ಏನು ಬರೆಸಬಹುದು?

ತೀರ್ಪುಪ್ರಿಯೆ

ದೆಹಲಿಯ ಎನ್‌ಎಲ್‌ಯು (ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯ) ಕ್ಲಾಟ್‌ನಲ್ಲಿಲ್ಲ, ಅದಕ್ಕೆ ಐಲೆಟ್ ಅಂತ ಬೇರೆ ಪ್ರವೇಶ ಪರೀಕ್ಷೆ. 150 ಪ್ರಶ್ನೆ, ಅದೇ ಎರಡು ಗಂಟೆ, ಅದರಲ್ಲಿ 70 ತರ್ಕದ್ದು. ಕ್ಲಾಟ್ ಆದ ಮುಂದಿನ ಭಾನುವಾರದ ಆಸುಪಾಸಿಗೆ ಬರುತ್ತೆ. ಕ್ಲಾಟ್ ಓದಿನ ಮೇಲೆ ಕೂರಿಸುವ ಕ್ರಮ, ರಕ್ತಸಂಬಂಧದಂಥ ಒಗಟುಗಳ ಅಭ್ಯಾಸ ಸೇರಿಸಿದರೆ ಆಯ್ತು. ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಕಾಲೇಜುಗಳಲ್ಲಿ ಐದು ವರ್ಷದ ಕೋರ್ಸಿಗೆ ಪಿಯುಸಿ ಅಂಕವೇ ಆಧಾರ, ಕ್ಲಾಟ್ ಬೇಡ, ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು. ಅದಕ್ಕೇ ಡಿಸೆಂಬರ್ ಎರಡನೇ ವಾರದಿಂದ ಮಾರ್ಚ್‌ವರೆಗೆ ಪಿಯುಸಿ ಬಿಟ್ಟು ಬೇರೇನೂ ಬೇಡ.

ಕೋಚಿಂಗ್ ಖರ್ಚಿನ ಬಗ್ಗೆ: ಬಡ ಹಾಗೂ ಹಿಂದುಳಿದ ಹಿನ್ನೆಲೆಯ ಮಕ್ಕಳಿಗೆ ಕ್ಲಾಟ್ ತರಬೇತಿ ಕೊಡೋಕೆ ಅಂತಲೇ ಕಾನೂನು ಪ್ರಾಧ್ಯಾಪಕ ಶಮ್ನಾದ್ ಬಷೀರ್ 2010ರಲ್ಲಿ ಕಟ್ಟಿದ ‘ಇಡಿಯಾ’ ಸಂಸ್ಥೆ ಇದೆ. ಪ್ರಥಮ ಪಿಯು ಮುಗಿಯೋ ಮುಂಚೆಯೇ ವಿಚಾರಿಸಿ ನೋಡಿ ಸರ್.