ಹೆಟೆರೊಬೇಸಿಡಿಯಾನ್ ಅನೋಸಮ್ ಒಂದೇ ಪ್ರಭೇದವೇ, ಹಲವೇ?

ಪ್ರಶ್ನೆ (ಸಸ್ಯಶಾಸ್ತ್ರ ವಿದ್ಯಾರ್ಥಿನಿ):
ಪೈನ್, ಸ್ಪ್ರೂಸ್, ಫರ್ ಮರಗಳ ಬೇರು ಕೊಳೆಸುವ ಹೆಟೆರೊಬೇಸಿಡಿಯಾನ್ ಅನೋಸಮ್ ಎಂಬ ಶಿಲೀಂಧ್ರವನ್ನು ಹಳೆಯ ಪಠ್ಯಗಳು ಒಂದೇ ಪ್ರಭೇದವೆಂದು ವಿವರಿಸುತ್ತವೆ. ಈಚಿನ ಬರಹಗಳಲ್ಲಿ ಅದು ಐದು ಹೆಸರುಗಳಲ್ಲಿ ಹಂಚಿಹೋಗಿದೆ. ನೋಡಲು ಬಹುತೇಕ ಒಂದೇ ತೆರನಾದ ಇವುಗಳನ್ನು ಯಾವ ಆಧಾರದ ಮೇಲೆ ಬೇರ್ಪಡಿಸಿದರು? ಮರದ ಮೇಲೆ ಬೆಳೆಯುವ ಗಟ್ಟಿ ಅಣಬೆ ಗ್ಯಾನೊಡರ್ಮಾದಂತೆ ಕಾಣುವ ಈ ಅಣಬೆಯನ್ನು ಕೊಡೆಯಾಕಾರದ ಮೆದು ಅಣಬೆ ರುಸುಲಾದ ಬಳಗಕ್ಕೆ ಸೇರಿಸಿರುವುದೇಕೆ?

ಉತ್ತರ 1:
ಮೊದಲ ಆಧಾರ ಡಿಎನ್‌ಎ ಅಲ್ಲ, ಕೂಡುವಿಕೆ. ಒಂದೊಂದೇ ಬೀಜಾಣುವಿನಿಂದ ಬೆಳೆಸಿದ ಎರಡು ತಳಿಗಳನ್ನು ಒಂದೇ ತಟ್ಟೆಯ ಅಗರ್ (ಶಿಲೀಂಧ್ರ ಬೆಳೆಸುವ ಜೆಲ್ಲಿಯಂಥ ಮಾಧ್ಯಮ) ಮೇಲೆ ಎದುರುಬದುರು ಇಡುತ್ತಾರೆ. ಅವು ಹೊಂದಿಕೊಂಡರೆ ಶಿಲೀಂಧ್ರತಂತುಗಳ ಅಡ್ಡಗೋಡೆಯ ಪಕ್ಕದಲ್ಲಿ ಕೊಂಡಿಯಂಥ ಪುಟ್ಟ ಉಬ್ಬುಗಳು ಮೂಡುತ್ತವೆ. ಫಿನ್‌ಲೆಂಡಿನ ಸಂಶೋಧಕ ಕೊರ್ಹೊನೆನ್ 1978ರಲ್ಲಿ ಇದೇ ವಿಧಾನದಿಂದ ಪೈನ್ ಮತ್ತು ಸ್ಪ್ರೂಸ್ ಗುಂಪುಗಳು ಪರಸ್ಪರ ಕೂಡುವುದು ತೀರ ಅಪರೂಪವೆಂದು ತೋರಿಸಿದರು. ಫರ್ ಮರದ ಗುಂಪು ಆಮೇಲೆ ಇಟಲಿಯಲ್ಲಿ ಪತ್ತೆಯಾಯಿತು. 1998ರಲ್ಲಿ ಸ್ಪ್ರೂಸ್ ಗುಂಪಿಗೆ ಪಾರ್ವಿಪೋರಮ್, ಫರ್ ಗುಂಪಿಗೆ ಅಬಿಯೆಟಿನಮ್ ಎಂದು ಹೆಸರಿಟ್ಟರು. ಉತ್ತರ ಅಮೆರಿಕದ ಇರ‍್ರೆಗ್ಯುಲೇರ್ ಮತ್ತು ಆಕ್ಸಿಡೆಂಟೇಲ್‌ಗಳಿಗೆ 2010ರಲ್ಲಿ ಹೆಸರು ಬಂದವು.

ಉತ್ತರ 2:
ಎರಡನೆಯ ಪ್ರಶ್ನೆಗೆ: ಅಡಿಭಾಗದಲ್ಲಿ ರಂಧ್ರಗಳಿರುವ ಗಟ್ಟಿ ಅಣಬೆಯ ರೂಪವು ಬೇರೆ ಬೇರೆ ವಂಶಗಳಲ್ಲಿ ಸ್ವತಂತ್ರವಾಗಿ ವಿಕಾಸಗೊಂಡಿದೆ, ಹಾಗಾಗಿ ಆಕಾರವನ್ನು ನೋಡಿ ನಂಟು ಹೇಳಲಾಗದು. ಕೊಳೆಸುವ ಬಗೆಯೂ ಅಷ್ಟೇ ಮೋಸಗೊಳಿಸುತ್ತದೆ. ಮರಕ್ಕೆ ಗಟ್ಟಿತನ ಕೊಡುವ ಲಿಗ್ನಿನ್ ಅನ್ನೂ ಒಡೆಯುವ ಬಿಳಿ ಕೊಳೆಯೇ ಹಳೆಯದು. ಅದಕ್ಕೆ ಬೇಕಾದ ಪೆರಾಕ್ಸಿಡೇಸ್ ಕಿಣ್ವಗಳ ಜೀನ್‌ಗಳನ್ನು ಕಳೆದುಕೊಂಡ ಕಂದು ಕೊಳೆಯ ಶಿಲೀಂಧ್ರಗಳು ಹಲವು ಬಾರಿ ಪ್ರತ್ಯೇಕವಾಗಿ ಹುಟ್ಟಿಕೊಂಡಿವೆ. ಸ್ಪ್ರೂಸ್ ಕಾಂಡದ ಮೇಲೆ ಕಾಣುವ ಫೋಮಿಟಾಪ್ಸಿಸ್ ಪಿನಿಕೋಲಾ ಮತ್ತು ಗ್ಲಿಯೊಫಿಲಮ್ ಎರಡೂ ಮರವನ್ನು ಕಂದು ಬಣ್ಣದ ಚೌಕ ತುಂಡುಗಳಾಗಿ ಬಿರಿಯಿಸುತ್ತವೆ, ಆದರೆ ಅವು ಬೇರೆ ಬೇರೆ ಗಣಗಳಿಗೆ ಸೇರಿದವು. ಹೆಟೆರೊಬೇಸಿಡಿಯಾನ್ ಬಿಳಿ ಕೊಳೆಯದು.

ಉತ್ತರ 3:
ಉತ್ತರ 1ಕ್ಕೆ ಒಂದು ಮುಖ್ಯ ಸೇರ್ಪಡೆ ಅಗತ್ಯವೆನಿಸುತ್ತದೆ. ಕೂಡುವಿಕೆಯ ತಡೆ ಎಲ್ಲ ಜೋಡಿಗಳಲ್ಲೂ ಒಂದೇ ಬಲದ್ದಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ, ಬಹುಶಃ ಅಮೆರಿಕದ ಸೇನೆ ತಂದ ಮರಮುಟ್ಟಿನೊಡನೆ, ಇರ‍್ರೆಗ್ಯುಲೇರ್ ರೋಮ್ ಬಳಿಯ ಕರಾವಳಿಯಲ್ಲಿರುವ ಕಾಸ್ಟೆಲ್‌ಪೋರ್ಜಿಯಾನೊ ಕಾಡಿಗೆ ಬಂದು ನೆಲೆಯೂರಿತು. ಸಾಗರದ ಆಚೀಚೆ ಬಹುಕಾಲ ದೂರವಿದ್ದ ಅದೂ ಸ್ಥಳೀಯ ಅನೋಸಮ್ಮೂ ಎದುರಾದಾಗ ಸರಾಗವಾಗಿ ಕೂಡಿದವು, ಜೀನ್‌ಗಳು ಒಂದರಿಂದ ಇನ್ನೊಂದಕ್ಕೆ ದಾಟಿದವು. ಯುರೋಪಿನಲ್ಲಿ ಒಂದೇ ಸೀಮೆಯಲ್ಲಿ ಬೆಳೆಯುವ ಅನೋಸಮ್ ಮತ್ತು ಪಾರ್ವಿಪೋರಮ್ ನಡುವೆ ಇಂಥ ಬೆರಕೆ ವಿರಳ. ಹೀಗಾಗಿ ಆ ಕರಾವಳಿಯ ಮಾದರಿಗೆ ಆಶ್ರಯ ಮರವನ್ನು ಮಾತ್ರ ನೋಡಿ ಹೆಸರು ಬರೆಯಬೇಡಿ. ಒಂದಕ್ಕಿಂತ ಹೆಚ್ಚು ಜೀನ್‌ಗಳನ್ನು ಪರೀಕ್ಷಿಸಿ, ಏಕೆಂದರೆ ಬೆರಕೆ ತಳಿಯಲ್ಲಿ ಒಂದು ಜೀನ್ ಅಮೆರಿಕದ್ದೂ ಮತ್ತೊಂದು ಯುರೋಪಿನದೂ ಆಗಿರಬಹುದು.